ಕಲಬುರಗಿ ಬಿಸಿಲಿಗೆ ಅಳಿಸದ ಗಿಡದ ಹೆಸರಿನ ಪಟ್ಟಿ: ಯಾವುದರಿಂದ ಮಾಡುತ್ತೀರಿ?

ತಾರಸಿ_ತೋಟ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು ಅನಿಸಬಹುದು, ನನಗೆ ಮಾತ್ರ ದೊಡ್ಡ ತಲೆನೋವಾಗಿದೆ.

ಮನೆ ಮುಂದಿನ ಜಾಗದಲ್ಲಿ ಮಾವು, ಪೇರಲ, ನಿಂಬೆ, ಸೀತಾಫಲ ಇವೆ. ಮಾಳಿಗೆ ಮೇಲೆ ಕುಂಡಗಳಲ್ಲಿ ಗುಲಾಬಿ, ದಾಸವಾಳ, ಮಲ್ಲಿಗೆ, ಬದನೆ, ಮೆಣಸಿನಕಾಯಿ. ಹೆಸರು ಬರೆದು ಚುಚ್ಚಿದರೆ ಯುಗಾದಿ ತನಕ ಓದಲು ಬರುತ್ತದೆ, ಮೃಗಶಿರಾ ಮಳೆ ಬೀಳುವ ಹೊತ್ತಿಗೆ ಬರೀ ಬಿಳಿ ಕಡ್ಡಿ. ಮಾರ್ಕರ್ ಪೆನ್ನಿನ ಮೈ ಮೇಲೆ ಪರ್ಮನೆಂಟ್ ಅಂತ ದೊಡ್ಡದಾಗಿ ಬರೆದಿದೆ. ಆ ಬರಹ ಮಾತ್ರ ಇನ್ನೂ ಇದೆ!

ಐಸ್‌ಕ್ರೀಂ ಕಡ್ಡಿ ಹಾಕಿದರೆ ಮಣ್ಣೊಳಗಿನ ಭಾಗ ಕೊಳೆಯುತ್ತದೆ, ನೆಲದಲ್ಲಿ ಹಾಕಿದ್ದನ್ನು ಗೆದ್ದಲು ಮುಗಿಸುತ್ತದೆ. ಮೊಸರಿನ ಡಬ್ಬಿ ಕತ್ತರಿಸಿ ಮಾಡಿದ ಪಟ್ಟಿ ಒಂದು ಬೇಸಿಗೆ ಕಳೆದ ಮೇಲೆ ಮುಟ್ಟಿದರೆ ಮುರಿಯುತ್ತದೆ. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ತೂತು ಹೊಡೆದು ಕಟ್ಟಿದರೆ ಆ ತೂತಿನಿಂದಲೇ ನೀರು ಒಳಗೆ ಹೋಗಿ ಅಕ್ಷರವೆಲ್ಲ ಹರಡುತ್ತದೆ.

ಮೆಣಸಿನಕಾಯಿ ಆದರೆ ಬಿಡಿ, ಕಾಯಿ ಬಿಟ್ಟ ಮೇಲೆ ಯಾವುದು ಬ್ಯಾಡಗಿ ಯಾವುದು ಗುಂಟೂರು ಅಂತ ಗೊತ್ತಾಗುತ್ತದೆ. ಮಾವು ಹಾಗಲ್ಲ ಅಲ್ವಾ? ಮಲ್ಲಿಕಾ, ಕೇಸರ್, ಬೇನಿಶಾನ್ ಮೂರು ಕಸಿ ಗಿಡ ಪಕ್ಕಪಕ್ಕ ಇವೆ. ಫಲಕ್ಕೆ ಬರಲು ಇನ್ನೂ ವರ್ಷಗಳು ಬೇಕು, ನರ್ಸರಿಯವರು ಕಟ್ಟಿದ ಚೀಟಿ ಈಗಲೇ ಮಸುಕಾಗಿದೆ.

ಐದಾರು ವರ್ಷ ಉಳಿಯಬೇಕು, ದುಡ್ಡು ಜಾಸ್ತಿ ಆಗಬಾರದು, ಕನ್ನಡದಲ್ಲಿ ಬರೆಯಲು ಬರಬೇಕು. ಗಿಡಕ್ಕೆ ನೀರು ಹಾಕುವವರು ನಮ್ಮ ಅತ್ತೆ, ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆನ್‌ಲೈನಿನಲ್ಲಿ ತಾಮ್ರದ ಪಟ್ಟಿ ನೋಡಿದೆ, ಒಂದು ಪಟ್ಟಿಯ ರೇಟಿಗೆ ಒಂದು ಗುಲಾಬಿ ಗಿಡವೇ ಬರುತ್ತದೆ. ನಿಮ್ಮ ಕಡೆ ಏನು ಮಾಡುತ್ತೀರಿ ಹೇಳಿ.

---

ಬಿಸಿಲೂರು (ಯಾದಗಿರಿ)

ಪೆನ್ಸಿಲ್.

ಹೌದು, ಮಕ್ಕಳ ಕಂಪಾಸ್ ಡಬ್ಬಿಯಲ್ಲಿ ಇರುತ್ತದಲ್ಲ, ಅದೇ. ಮಾರ್ಕರ್ ಇಂಕಿನಲ್ಲಿ ಸಾಮಾನ್ಯವಾಗಿ ಇರುವುದು ಡೈ. ಅದು ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಜಗ್ಗುತ್ತದೆ. ಅತಿನೇರಳೆ ಕಿರಣ ಬಿದ್ದು ಬಿದ್ದು ಆ ಡೈ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ನೋಡುವ ನಮ್ಮ ಮಾಳಿಗೆಗಳ ಮೇಲೆ ಅದು ಉಳಿದರೇ ಆಶ್ಚರ್ಯ. ಪೆನ್ಸಿಲ್ ಕಡ್ಡಿ ಗ್ರಾಫೈಟ್, ಅಂದರೆ ಇಂಗಾಲ. ಎಷ್ಟು ಬಿಸಿಲು ಬಿದ್ದರೂ ಅದರ ಬಣ್ಣ ಹೋಗುವುದಿಲ್ಲ. ಉಜ್ಜಿದರೆ ಹೋದೀತು, ಬಿಸಿಲಿಗಂತೂ ಹೋಗುವುದಿಲ್ಲ.

ನುಣುಪು ಪ್ಲಾಸ್ಟಿಕ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಮೊದಲು ಸ್ಯಾಂಡ್ ಪೇಪರಿನಿಂದ ನಾಲ್ಕು ಸಲ ತಿಕ್ಕಿ, ಹೊಳಪು ಹೋಗಬೇಕು. ಆಮೇಲೆ 2ಬಿ ಅಥವಾ 4ಬಿ ಪೆನ್ಸಿಲ್‌ನಿಂದ ಒತ್ತಿ ಬರೆಯಿರಿ. ಚಿತ್ರ ಬಿಡಿಸುವವರ ಮೆತ್ತನೆ ಪೆನ್ಸಿಲ್ ಅದು, ಪುಸ್ತಕದ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಇನ್ನೊಂದು, ಪಟ್ಟಿಯ ಎರಡೂ ತುದಿಗೆ ಹೆಸರು ಬರೆಯಿರಿ. ಒಂದು ಮೇಲೆ ಕಾಣುವ ಕಡೆ, ಇನ್ನೊಂದು ಮಣ್ಣೊಳಗೆ ಹೋಗುವ ಕಡೆ. ಮಣ್ಣೊಳಗೆ ಬಿಸಿಲೇ ಇಲ್ಲ, ಅಲ್ಲಿ ಮಾರ್ಕರ್ ಬರಹವೂ ಚೆನ್ನಾಗಿ ಉಳಿಯುತ್ತದೆ. ಮೇಲಿನದು ಅಳಿಸಿದರೆ ಕಿತ್ತು ನೋಡಿದರಾಯಿತು. ನಿಮ್ಮ ಹಳೆಯ ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಯಾವುದಾದರೂ ಆಳಕ್ಕೆ ಹೋಗಿದ್ದರೆ ಈಗಲೇ ಕಿತ್ತು ನೋಡಿ, ತುದಿಯಲ್ಲಿ ಎರಡು ಅಕ್ಷರ ಸಿಕ್ಕರೂ ಸಿಗಬಹುದು.

---

ತಾರಸಿ_ತೋಟ (ಕಲಬುರಗಿ)

ಅಣ್ಣಾ, ಪೆನ್ಸಿಲ್ ಯೋಚನೆ ಬಂದೇ ಇರಲಿಲ್ಲ. ಮೆಣಸಿನಕಾಯಿ, ಬದನೆಗೆ ಇದು ಸಾಕು. ಆದರೆ ನಮ್ಮ ಅತ್ತೆಗೆ ಪೆನ್ಸಿಲ್ ಬರಹ ದೂರದಿಂದ ಕಾಣುವುದಿಲ್ಲ. ಮಾವು, ಪೇರಲಕ್ಕೆ ಇನ್ನೂ ಗಟ್ಟಿ ಏನಾದರೂ ಇದ್ದರೆ ಹೇಳಿ.

---

ಕೆಂಪುಮಣ್ಣು (ಬೀದರ್)

ಗಟ್ಟಿ ಬೇಕಾದರೆ ಇಂಕು, ಬಣ್ಣ ಎಲ್ಲ ಮರೆತುಬಿಡಿ. ಲೋಹದ ಮೇಲೆ ಅಕ್ಷರ ಒತ್ತಿಬಿಡಬೇಕು. ಅಳಿಸಲು ಅಲ್ಲಿ ಏನೂ ಇರುವುದೇ ಇಲ್ಲ.

ಇಂಟರ್ನೆಟ್ಟಿನಲ್ಲಿ ಎಲ್ಲರೂ ತಂಪು ಪಾನೀಯದ ಕ್ಯಾನ್ ಕತ್ತರಿಸಿ ಮಾಡಿ ಅನ್ನುತ್ತಾರೆ. ಮಾಡಬಹುದು, ಆದರೆ ಆ ತಗಡು ಬಹಳ ತೆಳು, ಹತ್ತಿರ ಹತ್ತಿರ 0.1 ಮಿಲಿಮೀಟರ್ ಅಷ್ಟೇ. ಸುರುಳಿ ಸುತ್ತುತ್ತದೆ, ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಮಕ್ಕಳಿರುವ ಮನೆಯಲ್ಲಿ ನನಗೆ ಅದು ಸರಿ ಬರಲಿಲ್ಲ.

ಅದರ ಬದಲು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ, ಮದುವೆ ಕಾರ್ಡು, ಪಾಂಪ್ಲೆಟ್ ಹೊಡೆಯುವ ಆಫ್‌ಸೆಟ್ ಪ್ರೆಸ್ ಯಾವುದಾದರೂ ಆಗುತ್ತದೆ. ಅವರ ಬಳಿ ಮುದ್ರಣ ಮುಗಿದ ಅಲ್ಯೂಮಿನಿಯಂ ಪ್ಲೇಟುಗಳ ರಾಶಿ ಬಿದ್ದಿರುತ್ತದೆ. ಕೊನೆಗೆ ಅವರು ಅದನ್ನು ಭಂಗಾರ್ (ಗುಜರಿ) ಅಂಗಡಿಗೇ ತೂಕಕ್ಕೆ ಹಾಕುವುದು, ನಿಮಗೂ ತೂಕದ ಲೆಕ್ಕದಲ್ಲೇ ಕೊಡುತ್ತಾರೆ. 0.15ರಿಂದ 0.3 ಮಿಲಿಮೀಟರ್ ದಪ್ಪ, ಪೂರ್ತಿ ಸಪಾಟು, ಮನೆಯ ದೊಡ್ಡ ಕತ್ತರಿಗೆ ಸಲೀಸಾಗಿ ಕತ್ತರಿಸುತ್ತದೆ. ಒಂದು ದೊಡ್ಡ ಪ್ಲೇಟಿನಲ್ಲಿ ಇಡೀ ತೋಟಕ್ಕೆ ಆಗಿ ಮಿಗುತ್ತದೆ. ಇಂಕು ಅಂಟಿರುತ್ತದೆ, ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಒಲೆಯಿಂದ ದೂರ ಕೂತು ಮಾಡಿ. ಹಿಂಬದಿ ಹೇಗಿದ್ದರೂ ಸ್ವಚ್ಛವಾಗಿಯೇ ಇರುತ್ತದೆ.

ಮಾಡುವ ರೀತಿ ಹೇಳುತ್ತೇನೆ. ಎರಡು ಬೆರಳು ಅಗಲ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಪಟ್ಟಿ ಕತ್ತರಿಸಿ. ನಾಲ್ಕೂ ಮೂಲೆ ದುಂಡಗೆ ಮಾಡಿ. ಉದ್ದದ ಎರಡು ಅಂಚನ್ನು ಸ್ಕೇಲ್ ಇಟ್ಟು ಒಳಕ್ಕೆ ಮಡಚಿ ಚಮಚದ ಹಿಂಬದಿಯಿಂದ ಒತ್ತಿ ತೀಡಿ. ಇದರಿಂದ ಕೈ ಕೊಯ್ಯುವುದಿಲ್ಲ, ಪಟ್ಟಿಗೂ ಬಿಗಿ ಬರುತ್ತದೆ, ಗಾಳಿಗೆ ಬಾಗುವುದಿಲ್ಲ. ಕೆಳಗೆ ಹಳೆಯ ದಿನಪತ್ರಿಕೆ ದಪ್ಪಗೆ ಮಡಚಿ ಇಡಿ. ಇಂಕು ಮುಗಿದ ಬಾಲ್ ಪೆನ್ನಿನಿಂದ ನಿಧಾನವಾಗಿ ಬರೆಯಿರಿ, ಅದೇ ಗೆರೆಯ ಮೇಲೆ ಎರಡನೇ ಸಲ ಒತ್ತಿ ಬರೆಯಿರಿ. ಕೆಳಗಿನ ಕಾಗದ ಮೆತ್ತಗಿದ್ದಷ್ಟೂ ಅಕ್ಷರ ಆಳಕ್ಕೆ ಇಳಿಯುತ್ತದೆ. ಬರೀ ಟೇಬಲ್ ಮೇಲಿಟ್ಟು ಬರೆದರೆ ಗೀಚಿದ ಹಾಗೆ ಆಗುತ್ತದೆ ಅಷ್ಟೇ, ಗುಂಡಿ ಬೀಳುವುದಿಲ್ಲ. ಒತ್ತಕ್ಷರ ಇರುವ ಹೆಸರಿಗೆ ಜಾಗ ಬಿಟ್ಟು ಬರೆಯಿರಿ. "ಮಲ್ಲಿಕಾ" ಬರೆಯುವಾಗ ಲ-ಗೆ ಲ ಒತ್ತು ಕೆಳಗಿನ ಮಡಿಕೆಗೆ ಹೋಗಿ ತಾಗಿದರೆ ಓದಲು ಕಷ್ಟ.

ನಿಮ್ಮ ಅತ್ತೆಯವರಿಗೆ ಕಾಣಬೇಕು ಅಂದಿರಲ್ಲ, ಅದಕ್ಕೂ ದಾರಿ ಇದೆ. ಒತ್ತಿದ ಅಕ್ಷರದ ಮೇಲೆ ಕಪ್ಪು ಆಯಿಲ್ ಪೇಂಟ್ ಸವರಿ, ಅರೆ ಒಣಗಿದಾಗ ಬಟ್ಟೆಯಿಂದ ಒರೆಸಿಬಿಡಿ. ಗುಂಡಿಯೊಳಗಿನ ಬಣ್ಣ ಉಳಿಯುತ್ತದೆ, ಮೇಲಿನದು ಹೋಗುತ್ತದೆ. ಮುಂದೆ ಬಣ್ಣ ಹೋದರೂ ಅಕ್ಷರ ಇದ್ದೇ ಇರುತ್ತದೆ.

ಹೇಗೂ ಬೀದರಿನವನು, ಸತುವಿನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ನಮ್ಮ ಬಿದ್ರಿ ಸಾಮಾನು ಮಾಡುವುದೇ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಲೋಹದಲ್ಲಿ, ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕಪ್ಪು ಮಾಡುತ್ತಾರೆ. ಗಿಡದ ಪಟ್ಟಿಗೂ ಸತುವಿನ ತಗಡು ಹಳೆಯ ಕಾಲದಿಂದ ಬಳಕೆಯಲ್ಲಿದೆ. ಅದರ ಮೇಲೆ ಪೆನ್ಸಿಲ್ ಬರಹ ಗಟ್ಟಿಯಾಗಿ ಕೂರುತ್ತದೆ. ಸತುವಿನ ತಗಡು ಸಿಗದಿದ್ದರೆ ಮಳೆ ಬಿಸಿಲು ಕಂಡು ಹೊಳಪು ಹೋದ ಜಿಐ ತಗಡಿನ ತುಂಡಾದರೂ ನಡೆಯುತ್ತದೆ, ಅದರ ಮೈಗೆ ಸತುವಿನದೇ ಲೇಪ. ಕತ್ತರಿಸಿದ ಅಂಚಿಗೆ ತುಕ್ಕು ಬರುತ್ತದೆ ಅನ್ನುವುದೊಂದೇ ಅದರ ಕೊರತೆ.

---

ಫರ್ಸಿ_ಮನೆ (ಶಹಾಬಾದ್)

ಕಾಲ ಕೆಳಗೆ ಕಲ್ಲು ಇಟ್ಟುಕೊಂಡು ಊರೆಲ್ಲ ತಗಡು ಹುಡುಕುತ್ತೀರಿ!

ಮನೆ ಕಟ್ಟುವ ಕಡೆ, ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಮಾಡುವ ಕಡೆ ಕೈಯಗಲದ ತುಂಡುಗಳು ರಾಶಿ ರಾಶಿ ಬಿದ್ದಿರುತ್ತವೆ. ಯಾರೂ ದುಡ್ಡು ಕೇಳುವುದಿಲ್ಲ. ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ, ಹಾಗಾಗಿ ತುಂಡೂ ಚಪ್ಪಟೆಯಾಗೇ ಇರುತ್ತದೆ. ಕಬ್ಬಿಣದ ಮೊಳೆಗಿಂತ ಮೆತ್ತಗಿನ ಕಲ್ಲು ಇದು, ಚೂಪು ಮೊಳೆ ಅಥವಾ ಹಳೆಯ ಡ್ರಿಲ್ ಬಿಟ್ಟಿನಿಂದ ಗೀರಿದರೆ ಬೂದು ಕಲ್ಲಿನ ಮೇಲೆ ಬಿಳಿ ಗೆರೆ ಏಳುತ್ತದೆ. ಕಲ್ಲು ಒದ್ದೆ ಇದ್ದಾಗ ಗೆರೆ ಅಷ್ಟು ಕಾಣುವುದಿಲ್ಲ, ಒಣಗಿದರೆ ಮತ್ತೆ ಕಾಣುತ್ತದೆ. ಅದು ಬೇಡ ಅನಿಸಿದರೆ ಗೆರೆಯೊಳಗೆ ಬಿಳಿ ಎನಾಮೆಲ್ ತುಂಬಿ.

ಬರೀ ಬಣ್ಣದಲ್ಲಿ ಬರೆಯುವುದಾದರೆ ಕಲ್ಲನ್ನು ಮೊದಲು ಬ್ರಷ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಬೇಕು. ಕಲ್ಲಿನ ಪುಡಿ ಮೇಲೆ ಬಣ್ಣ ಹಚ್ಚಿದರೆ ಪುಡಿ ಜೊತೆಗೆ ಬಣ್ಣವೂ ಏಳುತ್ತದೆ. ಒಂದು ಕೋಟ್ ಪ್ರೈಮರ್, ಮೇಲೆ ಎನಾಮೆಲ್, ಸಣ್ಣ ಬ್ರಷ್.

ನೆಲದಲ್ಲಿರುವ ಮಾವು, ಪೇರಲಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಲೆಕ್ಕ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಹೇಗೆ ಬಿರುಕು ಬಿಡುತ್ತದೆ ಗೊತ್ತಲ್ಲ, ಕಡ್ಡಿ ಪಟ್ಟಿ ಚುಚ್ಚಿದರೆ ಅದು ವಾಲಿ ವಾಲಿ ಒಂದು ದಿನ ಬಿರುಕಿನೊಳಗೇ ಹೋಗಿಬಿಡುತ್ತದೆ, ಮಳೆ ಬಿದ್ದು ಮಣ್ಣು ಉಬ್ಬಿತು ಅಂದರೆ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಕಲ್ಲು ಮಲಗಿಸಿ ಇಟ್ಟರೆ ಎಲ್ಲೂ ಹೋಗುವುದಿಲ್ಲ, ಮಂಗ ಕೂಡ ಒಯ್ಯುವುದಿಲ್ಲ.

---

ಕೆಂಪುಮಣ್ಣು (ಬೀದರ್)

ಕಲ್ಲು ಒಳ್ಳೆಯದೇ ಅಣ್ಣಾ, ಆದರೆ ಕಳೆ ಕೀಳುವವರು, ಪಾತಿ ಮಾಡುವವರು ಆ ಕಲ್ಲು ಎತ್ತಿ ಪಕ್ಕಕ್ಕೆ ಇಡುತ್ತಾರೆ. ವಾಪಸ್ ಇಡುವಾಗ ಕೇಸರ್ ಕಲ್ಲು ಮಲ್ಲಿಕಾ ಬುಡಕ್ಕೆ. ಗಿಡಕ್ಕೇ ಕಟ್ಟಿದ ಪಟ್ಟಿಗೆ ಆ ಭಯ ಇಲ್ಲ.

---

ಫರ್ಸಿ_ಮನೆ (ಶಹಾಬಾದ್)

ಉದ್ದ ತುಂಡು ತಗೊಂಡು ಅರ್ಧ ಹೂಳಿ ನಿಲ್ಲಿಸಿ, ಯಾರು ಎತ್ತುತ್ತಾರೆ? ಹೊಲದ ಬಾಂದಿಗೆ ಕಲ್ಲು ನಿಲ್ಲಿಸಿದ ಹಾಗೆ ನಿಲ್ಲಿಸಬೇಕು. ಆದರೂ ನಿಮ್ಮ ಮಾತು ಒಪ್ಪಿದೆ, ಎರಡೂ ಇರಲಿ. ಕಲ್ಲು ಕಾಣಲಿಕ್ಕೆ, ತಗಡು ಸಾಕ್ಷಿಗೆ.

---

ಅಡುಗೆಮನೆ_ಅಂಗಳ (ಹುಮನಾಬಾದ್)

ಅಕ್ಕಾ, ಇಷ್ಟೆಲ್ಲ ಕೈಯಿಂದ ಮಾಡುವಷ್ಟು ಪುರುಸೊತ್ತು ಇಲ್ಲದಿದ್ದರೆ ಭಾಂಡೆ ಅಂಗಡಿಗೆ ಹೋಗಿ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಟ್ಟಾಗ ಅದರ ಮೇಲೆ ಹೆಸರು ಹಾಕಿಸುತ್ತೇವಲ್ಲ, ಅದೇ ಮಷಿನ್. ಸೂಜಿ ಗುರ್ ಅಂತ ನಡುಗುತ್ತಾ ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆಯುತ್ತದೆ. ಬರೆಯುವವರು ಕೈಬರಹದಲ್ಲೇ ಬರೆಯುವುದರಿಂದ ಕನ್ನಡ, ಉರ್ದು, ಹಿಂದಿ ಯಾವುದಾದರೂ ಬರುತ್ತದೆ, ಅಕ್ಷರ ಗೊತ್ತಿದ್ದರೆ ಸಾಕು.

ನಾನು ಬಳಸುವುದು ಜೋಡಿ ತಪ್ಪಿದ ಹಳೆಯ ಸ್ಟೀಲ್ ಚಮಚಗಳು. ಚಮಚದ ಬಟ್ಟಲನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಸಿ ಅಲ್ಲಿ ಹೆಸರು ಬರೆಸಿದೆ, ಹಿಡಿಕೆ ಕುಂಡದ ಮಣ್ಣೊಳಗೆ. ಮೆಂತ್ಯ, ಪುದೀನ, ಕರಿಬೇವು, ಮಲ್ಲಿಗೆ ಎಲ್ಲಕ್ಕೂ ಇದೇ. ನೋಡಲೂ ಚೆಂದ.

ಒಂದೇ ಮಾತು, ಹೋಗುವ ಮೊದಲೇ ಎಲ್ಲ ಹೆಸರೂ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಅವರು ಮದುವೆ ಸೀಜನ್ನಿನ ಗದ್ದಲದಲ್ಲಿ ಇರುತ್ತಾರೆ, ಬಾಯಿಯಲ್ಲಿ ಹೇಳಿದರೆ ಬೇನಿಶಾನ್ ಇನ್ನೇನೋ ಆಗುತ್ತದೆ. ಬರೆಸಿದ ಕೂಡಲೇ ಅಲ್ಲೇ ನಿಂತು ಓದಿ ನೋಡಿ. ಸ್ಟೀಲ್ ಮೇಲಿನದು ಅಳಿಸುವುದಿಲ್ಲ, ತಪ್ಪು ಬರೆದರೂ ಅಳಿಸುವುದಿಲ್ಲ!

---

ರೇಡಿಯಂ_ಹುಡುಗ (ಕಲಬುರಗಿ)

ಎಲ್ಲರೂ ಹಳೆಯ ಕಾಲದ ದಾರಿಯನ್ನೇ ಹೇಳುತ್ತಿದ್ದೀರಿ. ಬೈಕ್ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಕತ್ತರಿಸಿ ಕೊಡುತ್ತಾರೆ. ಬೋರ್ಡ್ ಮಾಡುವವರ ಬಳಿ ಎಸಿಪಿ ಶೀಟಿನ ತುಂಡು ಸಿಗುತ್ತದೆ, ಎರಡೂ ಕಡೆ ಅಲ್ಯೂಮಿನಿಯಂ, ನಡುವೆ ಪ್ಲಾಸ್ಟಿಕ್. ಅದರ ಮೇಲೆ ಅಂಟಿಸಿದರೆ ಓಣಿಯ ಆ ತುದಿಯಿಂದ ಓದಬಹುದು. ನಾನು ಇದೇ ಕೆಲಸದಲ್ಲಿ ಇದ್ದೇನೆ, ಅದಕ್ಕೇ ಹೇಳಿದೆ.

---

ಬಿಸಿಲೂರು (ಯಾದಗಿರಿ)

ಅಲ್ಲ ತಮ್ಮಾ, ನಿನ್ನ ಕೆಲಸವನ್ನೇ ಕೇಳುತ್ತೇನೆ, ಬೈಕಿನ ಪ್ಲೇಟಿನ ಮೇಲೆ ಆ ಸ್ಟಿಕರ್ ಅಂಚು ಏಳುವುದಿಲ್ಲವಾ? ಬೈಕ್ ಆದರೆ ನೆರಳಲ್ಲೂ ನಿಲ್ಲುತ್ತದೆ, ಗಿಡದ ಪಟ್ಟಿಗೆ ಬೆಳಗಿನಿಂದ ಸಂಜೆ ತನಕ ಬಿಸಿಲು.

---

ರೇಡಿಯಂ_ಹುಡುಗ (ಕಲಬುರಗಿ)

ಏಳುತ್ತದೆ ಅಣ್ಣಾ, ಸುಳ್ಳು ಹೇಳಲ್ಲ. ಅಗ್ಗದ ರೋಲ್ ಹಾಕಿದರೆ ಬೇಗ ಏಳುತ್ತದೆ, ಹೊರಗಿನ ಬಳಕೆಯದೇ ಬೇಕು ಅಂತ ಕೇಳಿ ಹಾಕಿಸಿದರೆ ಕೆಲವು ವರ್ಷ ನಿಲ್ಲುತ್ತದೆ. ಚೂಪು ಮೂಲೆಯ ಅಕ್ಷರಕ್ಕಿಂತ ದುಂಡು ಅಕ್ಷರ ಜಾಸ್ತಿ ಬಾಳಿಕೆ, ಏಳುವುದು ಮೂಲೆಯಿಂದಲೇ. ಆ ಲೆಕ್ಕದಲ್ಲಿ ಕನ್ನಡಕ್ಕೆ ಲಾಭ. ಆದರೆ ಐದಾರು ವರ್ಷಕ್ಕೆ ಗ್ಯಾರಂಟಿ ನಾನು ಕೊಡಲ್ಲ.

---

ತಾರಸಿ_ತೋಟ (ಕಲಬುರಗಿ)

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ! ನೆಲದ ಗಿಡಗಳಿಗೆ ಪ್ರೆಸ್ ಪ್ಲೇಟು ಅಂತ ತೀರ್ಮಾನ ಆಯಿತು. ಕಟ್ಟುವುದು ಯಾವುದರಿಂದ? ಮನೆಯಲ್ಲಿ ಕರೆಂಟ್ ವೈರಿನ ತಾಮ್ರದ ತಂತಿ ಇದೆ. ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ಬೈಂಡಿಂಗ್ ತಂತಿಯೂ ಇದೆ. ಇನ್ನೊಂದು, ಪಟ್ಟಿಯ ಮುಖ ಉತ್ತರಕ್ಕೆ ಮಾಡಿ ಕಟ್ಟಿದರೆ ಬಿಸಿಲು ಕಡಿಮೆ ಬೀಳುತ್ತದೆ ಅಂತ ಒಬ್ಬರು ಹೇಳಿದರು, ಹೌದಾ?

---

ನೆರಳು_ನೀರು (ಸೇಡಂ)

ತಂತಿಯ ವಿಷಯ ಕೇಳಿದ್ದು ಒಳ್ಳೆಯದಾಯಿತು. ಪಟ್ಟಿಗಿಂತ ತಂತಿಯಿಂದಲೇ ಗಿಡಕ್ಕೆ ಜಾಸ್ತಿ ಅಪಾಯ.

ಅಲ್ಯೂಮಿನಿಯಂ ಪಟ್ಟಿಗೆ ತಾಮ್ರದ ತಂತಿ ಬೇಡ. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ತೂತಿನ ಸುತ್ತ ಬಿಳಿ ಪುಡಿ ಕಾಣುತ್ತದೆ, ಆಮೇಲೆ ತೂತು ಹರಿದು ಪಟ್ಟಿ ಬೀಳುತ್ತದೆ. ಬೈಂಡಿಂಗ್ ತಂತಿ ಸಾದಾ ಕಬ್ಬಿಣ, ಮಳೆಗೆ ತುಕ್ಕು ಹಿಡಿದು ತುಂಡಾಗುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ಅಲ್ಯೂಮಿನಿಯಂ ತಂತಿಯೇ ಸರಿ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸರ್ವಿಸ್ ವೈರ್ ಅಂತ ಕೇಳಿ, ಮೇಲಿನ ಪ್ಲಾಸ್ಟಿಕ್ ಸುಲಿದು ಒಳಗಿನದನ್ನು ಬಳಸಿ.

ಕಟ್ಟುವಾಗ ಕಾಂಡಕ್ಕೆ ಕಟ್ಟಬೇಡಿ, ಪಕ್ಕದ ಕೊಂಬೆಗೆ ಕಟ್ಟಿ. ಉಂಗುರದೊಳಗೆ ಎರಡು ಬೆರಳು ಸಲೀಸಾಗಿ ಆಡಬೇಕು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕೊಂಬೆ ದಪ್ಪ ಆಗುತ್ತಾ ತಂತಿ ಬಿಗಿಯಿತು ಅಂದರೆ ಆ ದಾರಿ ಅಲ್ಲೇ ಕಟ್ಟುತ್ತದೆ. ತಂತಿಯ ಮೇಲ್ಭಾಗ ಊದಿಕೊಂಡಿದ್ದರೆ ಅದೇ ಗುರುತು, ತಕ್ಷಣ ಕತ್ತರಿಸಿ ತೆಗೆಯಬೇಕು. ನರ್ಸರಿಯವರು ಕಸಿ ಕಟ್ಟಿದ ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿ ಹಾಗೇ ಬಿಟ್ಟಿರುತ್ತಾರೆ, ಕಸಿ ಕೂಡಿದ್ದರೆ ಅದನ್ನೂ ನೋಡಿ ಬಿಚ್ಚಿ, ಎಷ್ಟೋ ಗಿಡ ಅದರಿಂದಲೇ ಸೊರಗುತ್ತವೆ. ಮಳೆಗಾಲ ಶುರು ಆಗುವ ಮುಂಚೆ ವರ್ಷಕ್ಕೊಮ್ಮೆ ಎಲ್ಲ ಉಂಗುರ ಸಡಿಲ ಮಾಡುತ್ತಾ ಬಂದರೆ ಸಾಕು. ಕಾಂಡಕ್ಕೆ ಮೊಳೆ ಹೊಡೆದು ಪಟ್ಟಿ ಕೂರಿಸುವುದು ಮಾತ್ರ ಬೇಡವೇ ಬೇಡ.

ಉತ್ತರ ದಿಕ್ಕಿನ ಮಾತು ಅರ್ಧ ಸರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಉತ್ತರದ ಮುಖಕ್ಕೆ ನೇರ ಬಿಸಿಲು ಇಲ್ಲ. ಆದರೆ ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ಮೊದಲ ವಾರದ ತನಕ ನಮ್ಮ ಉತ್ತರಕ್ಕೇ ಇರುತ್ತಾನೆ. ಬಿಸಿಲು ಜೋರಾಗಿರುವಾಗಲೇ ಉತ್ತರದ ಮುಖಕ್ಕೂ ಬೀಳುತ್ತದೆ. ಒತ್ತಿದ ಅಕ್ಷರಕ್ಕೆ ದಿಕ್ಕಿನ ಚಿಂತೆ ಬೇಕಿಲ್ಲ, ಬಣ್ಣದಲ್ಲಿ ಬರೆದಿದ್ದರೆ ಎಲೆಯ ನೆರಳಿನಲ್ಲಿ ತೂಗುಹಾಕಿ.

ಕೊನೆಗೆ ಒಂದು ಕಿವಿಮಾತು ಅಂದುಕೊಳ್ಳಿ. ಪಟ್ಟಿ ಎಷ್ಟೇ ಗಟ್ಟಿ ಮಾಡಿದರೂ ಒಂದು ನೋಟ್‌ಬುಕ್ ಇಡಿ. ದೊಡ್ಡ ಸಸ್ಯೋದ್ಯಾನಗಳಲ್ಲಿ ಪ್ರತಿ ಗಿಡಕ್ಕೂ ಒಂದು ನಂಬರ್ ಇರುತ್ತದೆ, ಆ ನಂಬರಿನ ಮುಂದೆ ವಹಿಯಲ್ಲಿ ಗಿಡದ ಪೂರ್ತಿ ಜಾತಕ ಇರುತ್ತದೆ. ಮನೆಯಲ್ಲೂ ಅದು ಕಷ್ಟ ಅಲ್ಲ. ಪಟ್ಟಿಯ ಮೇಲೆ "ಕೇಸರ್, ಮಾ-2" ಅಷ್ಟೇ ಸಾಕು. ನೋಟ್‌ಬುಕ್ಕಿನಲ್ಲಿ ಮಾ-2 ಎಲ್ಲಿಂದ ತಂದದ್ದು, ಯಾವ ತಿಂಗಳು ನೆಟ್ಟದ್ದು, ಮೊದಲ ಹೂವು ಯಾವಾಗ, ಗೊಬ್ಬರ ಏನು ಹಾಕಿದಿರಿ ಎಲ್ಲ ಬರೆಯಿರಿ. ಗೇಟು ಇಲ್ಲಿ, ಬೋರ್‌ವೆಲ್ ಇಲ್ಲಿ ಅಂತ ಗೆರೆ ಎಳೆದು ಗಿಡಗಳ ಜಾಗ ಗುರುತು ಮಾಡಿದ ಒಂದು ನಕ್ಷೆಯೂ ಅದೇ ಪುಸ್ತಕದಲ್ಲಿ ಇರಲಿ. ಆಮೇಲೆ ಮಂಗ ಪಟ್ಟಿ ಕಿತ್ತುಕೊಂಡು ಹೋದರೂ ಹೆಸರು ಹೋಗುವುದಿಲ್ಲ. ಹೊಳೆಯುವ ವಸ್ತು ಕಂಡರೆ ಅವು ಬಿಡುವುದಿಲ್ಲ, ಅಲ್ಯೂಮಿನಿಯಂ ಪಟ್ಟಿಯನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ ಮಂಕು ಮಾಡಿ ಕಟ್ಟಿ.

---

ಮಡಿಕೆ_ಚೂರು (ಸುರಪುರ)

ಕುಂಬಾರರ ಮನೆ ಹತ್ತಿರ ಇರುವವರಿಗೆ ಇನ್ನೊಂದು ದಾರಿ. ಹಸಿ ಮಣ್ಣಿನ ಚಪ್ಪಟೆ ಬಿಲ್ಲೆ ಮಾಡಿಸಿ, ಒಣಗುವ ಮುಂಚೆ ಕಡ್ಡಿಯಿಂದ ಹೆಸರು ಗೀರಿ, ಅವರು ಗಡಿಗೆ ಸುಡುವಾಗ ಅದರ ಜೊತೆಗೇ ಸುಡಿಸಿಕೊಳ್ಳಿ. ಆ ಅಕ್ಷರ ಹೋಗಬೇಕಾದರೆ ಬಿಲ್ಲೆಯೇ ಒಡೆಯಬೇಕು. ಕಾಲಡಿ ಸಿಕ್ಕರೆ ಒಡೆದೇ ಒಡೆಯುತ್ತದೆ, ಅದಕ್ಕೆ ಕುಂಡಗಳಿಗೆ ಮಾತ್ರ ಇಡಿ.

---

ತಾರಸಿ_ತೋಟ (ಕಲಬುರಗಿ)

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮಾವು, ಪೇರಲ, ನಿಂಬೆ, ಸೀತಾಫಲಕ್ಕೆ ಒತ್ತಿದ ಅಲ್ಯೂಮಿನಿಯಂ ಪಟ್ಟಿ, ಬುಡದಲ್ಲಿ ಫರ್ಸಿ ತುಂಡು. ಗುಲಾಬಿ, ಮಲ್ಲಿಗೆಗೆ ಚಮಚ. ಆರು ತಿಂಗಳ ತರಕಾರಿಗೆ ಪೆನ್ಸಿಲ್ ಪಟ್ಟಿ. ನೋಟ್‌ಬುಕ್ ಇವತ್ತೇ ಶುರು ಮಾಡಿದೆ.

ಒಂದು ಉಳಿಯಿತು. ನಮ್ಮದು ಬೋರ್ ನೀರು, ಗಡಸು. ಕುಂಡದ ಅಂಚಿಗೆ, ಪಟ್ಟಿಗೆ ಬಿಳಿ ಪಾಚಿ ತರಹ ಕಟ್ಟುತ್ತದೆ, ಅದು ಅಕ್ಷರ ಮುಚ್ಚಿಬಿಡುತ್ತದೆ. ಏನು ಹಾಕಿ ತೊಳೆಯಬೇಕು?

---

ಅಡುಗೆಮನೆ_ಅಂಗಳ (ಹುಮನಾಬಾದ್)

ಹಿಂಡಿದ ನಿಂಬೆ ಸಿಪ್ಪೆಯಿಂದ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ನೀರು ಹಾಕಿ ಒರೆಸಿ. ಚಹಾದ ಪಾತ್ರೆಯಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣ ಅದು. ಸ್ಟೀಲ್ ಚಮಚ ಹೊಸದರ ಹಾಗೆ ಆಗುತ್ತದೆ. ಅಲ್ಯೂಮಿನಿಯಂ ಮೇಲೆ ಜಾಸ್ತಿ ಹೊತ್ತು ಬಿಡಬೇಡಿ.

---

ಫರ್ಸಿ_ಮನೆ (ಶಹಾಬಾದ್)

ಅಕ್ಕೋರೆ, ಫರ್ಸಿಗೆ ಮಾತ್ರ ನಿಂಬೆ, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ತಾಗಿಸಬೇಡಿ. ಕಲ್ಲೇ ಸುಣ್ಣ, ನೊರೆ ಎದ್ದು ಗೀರಿದ ಅಕ್ಷರದ ಅಂಚು ತಿಂದುಬಿಡುತ್ತದೆ. ಒಣ ಬ್ರಷ್ ಹಾಕಿ ತಿಕ್ಕಿ, ಹೋಗದಿದ್ದರೆ ಅದೇ ಗೆರೆಯ ಮೇಲೆ ಇನ್ನೊಂದು ಸಲ ಮೊಳೆ ಆಡಿಸಿ.